ಬೋರಕ್ಕ ಕೇಳದೆ ಬಿಟ್ಟ ಮಾತು

ಪರಶುರಾಂಪುರದ ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಕಂಬಳಿ ನೇಕಾರರ ಬೀದಿಯಲ್ಲಿ ಬೋರಕ್ಕನವರ ಮನೆಯಿದೆ. ಮದುವೆಯಾಗಿ ಬಂದಾಗಿನಿಂದ ಅವರು ನೂಲಿಗೆ ಗಂಜಿ ಹಚ್ಚುತ್ತ ಬಂದವರು. ಮಗ್ಗಕ್ಕೆ ಏರುವ ಮೊದಲು ಉಣ್ಣೆಯ ಉದ್ದನೂಲನ್ನು ಬೀದಿಯಲ್ಲಿ ಗೂಟಗಳ ನಡುವೆ ಬಿಗಿದು, ಹುರಿದ ಹುಣಸೆಬೀಜ ಬೀಸಿ ಕುದಿಸಿದ ಗಂಜಿಯನ್ನು ಕುಂಚದಿಂದ ತೀಡಬೇಕು. ಎರಡೂ ಬದಿಗೆ ಒಬ್ಬೊಬ್ಬರು ನಿಂತು ಒಂದೇ ವೇಗದಲ್ಲಿ ನಡೆಯಬೇಕು. ಒಬ್ಬರೇ ಸುತ್ತಿ ಬರುವಷ್ಟರಲ್ಲಿ ಬಿಸಿಲಿಗೆ ಒಂದು ಬದಿ ಒಣಗಿಹೋಗುತ್ತದೆ. ಅಂಥ ನೂಲು ಮಗ್ಗದಲ್ಲಿ ಬಾಳುವುದಿಲ್ಲ.

ಆಚೆ ಬದಿಯಲ್ಲಿ ಬಹುಕಾಲ ನಡೆದವರು ಎದುರುಮನೆಯ ಮಾಲತಿ, ಅಂಗನವಾಡಿ ಸಹಾಯಕಿ. ಬೋರಕ್ಕ ಹಿಂದಿನವರ ಕಟ್ಟುಪಾಡು ಉಳಿಯಬೇಕೆನ್ನುವ ಪಕ್ಷದವರು. ಮಾಲತಿ ಹೆಣ್ಣುಮಕ್ಕಳ ಸಮಾನತೆಯ ಸಭೆಗಳಿಗೆ ಬಸ್ಸು ಹತ್ತುತ್ತಿದ್ದವರು. ವಾದವೆಲ್ಲ ನೂಲಿನ ಮೇಲೆಯೇ ನಡೆಯುತ್ತಿತ್ತು.

“ಏನೇ ಮಾಲತಿ, ನಿನ್ನ ಸಭೆಯೋರು ದ್ಯಾವರನ್ನೂ ಎಲೆಕ್ಷನ್‌ಗೆ ನಿಲ್ಲಿಸ್ತಾರಂತಲ್ಲೇ?”

“ನಾವೆಲ್ಲಿ ನಿಲ್ಲಿಸಾಣ ಅಕ್ಕ, ನಿನ್ನ ಪಕ್ಷದೋರು ಆಗ್ಲೇ ಟಿಕೆಟ್ ಕೊಟ್ಬಿಟ್ಟವ್ರಲ್ಲ!”

ಮುಟ್ಟಾದವರು ನೂಲು ಮುಟ್ಟಬಾರದೆಂಬುದು ಬೀದಿಯ ಕಟ್ಟಳೆ. ಕುಂಚ ಎತ್ತುವ ಮುನ್ನ ಹಿರಿಯಳು ಪ್ರತಿಯೊಬ್ಬಳನ್ನೂ ಕೇಳಬೇಕು: “ಒಳಗಿದ್ದೀಯಾ, ಹೊರಗಿದ್ದೀಯಾ?” ಆ ಹಿರಿಯಳು ಬೋರಕ್ಕ. “ಕೇಳಬ್ಯಾಡ ಕಣಕ್ಕ, ಇದೇನು ಕೇಳೋ ಮಾತಾ?” ಎಂದು ಮಾಲತಿ ಪ್ರತಿಸಲವೂ ಗೊಣಗುವರು, ಉತ್ತರವನ್ನೂ ಕೊಡುವರು.

ಮೂರು ವರ್ಷದ ಹಿಂದೆ ಮಾಲತಿಯ ಮಗಳು ಕಾವ್ಯ, ಚಳ್ಳಕೆರೆಯಲ್ಲಿ ನರ್ಸ್, ರಜೆಗೆ ಬಂದು ಕುಂಚ ಹಿಡಿದಳು. ಬೋರಕ್ಕ ಕೇಳಿದರು. “ಹೊರಗಿದ್ದೀನಿ ದೊಡ್ಡವ್ವ. ಏನೀಗ?” ಎಂದಳು. ಬೋರಕ್ಕ ಅವಳನ್ನು ಎಲ್ಲರೆದುರು ಜಗಲಿಗೆ ಕಳಿಸಿದರು. ಮಾಲತಿ ಕುಂಚವನ್ನು ನೆಲಕ್ಕಿಟ್ಟು ಮಗಳ ಹಿಂದೆ ಹೋದರು. ಮುಂದೆ ಎರಡು ಮನೆಗಳ ನಡುವೆ ಮಾತಿರಲಿಲ್ಲ.

ಕಳೆದ ಬೇಸಿಗೆಗೆ ಮಾಲತಿಯ ಹೊಟ್ಟೆಯ ಗಡ್ಡೆ ಔಷಧಿಯನ್ನು ಮೀರಿ ಬೆಳೆದಿತ್ತು. ಕಾವ್ಯಳ ಮದುವೆ ನೋಂದಣಿ ಕಚೇರಿಯಲ್ಲೆಂದು ನಿಶ್ಚಯವಾಗಿತ್ತು. ಮಂತ್ರ ಬೇಡವೆಂದ ಮಾಲತಿಯೇ ಮಗಳು ಮನೆಯಲ್ಲೇ ನೇಯ್ದ ಕಂಬಳಿಯ ಮೇಲೆ ಕೂರಬೇಕೆಂದು ಹಟ ಹಿಡಿದರು. ಗಂಡ ಅಂಜಿನೇಯ ನೂಲು ಬಿಗಿದರು; ಗಂಜಿ ತೀಡುವುದು ಹೆಂಗಸರ ಕೆಲಸ. ಕಾವ್ಯ ಕುಂಚ ಹಿಡಿದು ಒಂದು ಬದಿಗೆ ನಿಂತಳು. ಮಾಲತಿ ಬಾಗಿಲಲ್ಲಿ ಮಂಚದ ಮೇಲೆ ಮಲಗಿದ್ದರು. ಬೋರಕ್ಕ ಬಂದು ಕೇಳದೆ ನೂಲು ಮುಟ್ಟಲು ಬೀದಿಯ ಬೇರಾವ ಹೆಂಗಸೂ ಇಳಿಯಲಿಲ್ಲ. ಗಂಜಿ ಕೆನೆಗಟ್ಟತೊಡಗಿತು.

ಬೋರಕ್ಕ ಜಗಲಿಯಿಂದ ನೋಡುತ್ತಿದ್ದರು. ಸೆರಗು ಸಿಕ್ಕಿಸಿ ಇಳಿದು ಬಂದು, ಆಚೆ ಬದಿಯ ಕುಂಚ ಎತ್ತಿಕೊಂಡರು. ಕಾವ್ಯ ಅಂದು ನಿಜಕ್ಕೂ ಮುಟ್ಟಾಗಿದ್ದಳು. ಹೇಳಲು ಸಿದ್ಧಳಾಗಿಯೇ ಇದ್ದಳು. ಬೋರಕ್ಕ ಕೇಳಲಿಲ್ಲ. “ಕೈ ಒತ್ತಿ ಹಿಡಿಯೇ, ನಿಮ್ಮವ್ವನ ಕೈಯಾದ್ರೆ ಹಿಂಗಿರಲಿಲ್ಲ” ಎಂದಷ್ಟೇ ಅಂದರು. ಮಂಚದ ಕಡೆಯಿಂದ ಸಣ್ಣ ದನಿ ಬಂತು: “ಬೈಯಬ್ಯಾಡಕ್ಕ, ಕಲೀತಾಳೆ.” ಎರಡು ವರ್ಷಗಳ ನಂತರ ಅವರಿಬ್ಬರ ನಡುವೆ ನಡೆದ ಮೊದಲ ಮಾತು ಅದು.

ಕಂಬಳಿ ಮಗ್ಗದಿಂದ ಇಳಿಯುವ ಮೊದಲೇ ಮಾಲತಿ ತೀರಿಕೊಂಡರು. ಕಾವ್ಯ ಆ ಕಂಬಳಿಯನ್ನು ಕಚೇರಿಯ ಬೆಂಚಿನ ಮೇಲೆ ಹಾಸಿ, ಅದರ ಮೇಲೆ ಕುಳಿತು ಸಹಿ ಮಾಡಿದಳು. ಬೋರಕ್ಕ ಹೋಗಲಿಲ್ಲ. ಅಂಥ ಮದುವೆಯನ್ನು ಅವರು ಈಗಲೂ ಒಪ್ಪುವುದಿಲ್ಲ.

ಕಂಬಳಿ ನೇಕಾರರ ಬಗ್ಗೆ ಬರೆಯಲು ಆ ಬೀದಿಗೆ ಹೋಗಿದ್ದ ನಾನು, ಅಂದು ಯಾಕೆ ಕೇಳಲಿಲ್ಲವೆಂದು ಬೋರಕ್ಕನವರನ್ನು ವಿಚಾರಿಸಿದೆ.

“ಕೇಳಿದ್ರೆ ಆ ಹುಡುಗಿ ಸುಳ್ಳು ಹೇಳಾಳಲ್ಲ, ಅವರವ್ವನಂಗೆ. ಕೇಳಿದ ಮ್ಯಾಲೆ ನಾನು ನೂಲು ಮುಟ್ಟಂಗಿಲ್ಲ. ಗಂಜಿ ಒಣಗೋದು. ಮಾಲತಿ ನೋಡ್ತಾ ಇದ್ಲು.”

ಮಾರನೆಯ ಬೆಳಿಗ್ಗೆ ಅದೇ ಬೀದಿಯಲ್ಲಿ ಮತ್ತೊಂದು ನೂಲು ಬಿಗಿದಿತ್ತು. ಆಚೆ ಬದಿಗೆ ಸೊಸೆ ತೇಜಶ್ರೀ ನಿಂತಿದ್ದಳು. ಬೋರಕ್ಕ ಎಂದಿನಂತೆ ಕೇಳಿದರು. ಅವಳು ತಲೆ ತಗ್ಗಿಸಿ, “ಒಳಗಿದ್ದೀನತ್ತೆ” ಎಂದಳು. ಬೋರಕ್ಕ ಕುಂಚವನ್ನು ಗಂಜಿಯಲ್ಲಿ ಅದ್ದಿ, ಎತ್ತದೆ, ಎದುರುಮನೆಯ ಬಾಗಿಲ ಕಡೆ ಸ್ವಲ್ಪ ಹೊತ್ತು ನೋಡುತ್ತ ನಿಂತರು. ಗೊಣಗುವವರು ಯಾರೂ ಇರಲಿಲ್ಲ.