ಹೈದರಾಬಾದಿನಲ್ಲಿಟ್ಟ ಆರು ನಳಿಕೆ

ಸುರಪುರದ ಮೀನು ಮಾರುವ ಜಾಗದಲ್ಲಿ ಮೌನೇಶನನ್ನು ಗುರುತಿಸುವುದು ಸುಲಭ. ಅಲ್ಲಿ ಕೂಗದೆ ಮಾರುವವನು ಅವನೊಬ್ಬನೇ. ಕೃಷ್ಣೆಯ ದಂಡೆಯ ಹಳ್ಳಿಯವನು. ತಂದೆ ತೀರಿಕೊಂಡ ಮೇಲೆ ಬಲೆ ಬಿಟ್ಟು, ಊರವರು ಹಿಡಿದ ರೋಹು, ಕಟ್ಲಾ ಮೀನುಗಳನ್ನು ಐಸ್ ತುಂಬಿದ ಡಬ್ಬಿಯಲ್ಲಿ ಬೈಕಿನ ಮೇಲೆ ತಂದು ಮಾರತೊಡಗಿದ. ತಾಯಿ ಮಾನಮ್ಮ ಪಕ್ಕದಲ್ಲಿ ಕೂತು ಮೀನು ಕೊಯ್ದು ಕೊಡುತ್ತಿದ್ದಳು.

ಇಪ್ಪತ್ತೈದನೆಯ ವರ್ಷದಲ್ಲಿ ಅವನ ಒಂದು ವೃಷಣ ಕಲ್ಲಿನಂತೆ ಗಟ್ಟಿಯಾಯಿತು. ನೋವಿರಲಿಲ್ಲ. ನಾಚಿಕೆಯಿಂದ ನಾಲ್ಕು ತಿಂಗಳು ಸುಮ್ಮನಿದ್ದ. ಹೇಳುವುದಾದರೂ ಯಾರಿಗೆ? ಮನೆಯಲ್ಲಿದ್ದವಳು ತಾಯಿ ಮಾತ್ರ. ಬೈಕಿನ ಮೇಲೆ ಕೂರುವುದೂ ಕಷ್ಟವಾದಾಗ ಶಹಾಪುರದ ಡಾಕ್ಟರರ ಬಳಿ ಹೋದ. ಅವರು ಮುಟ್ಟಿ ನೋಡಿದವರೇ ಚೀಟಿ ಬರೆದು, "ಇದೇ ವಾರ ಹೈದರಾಬಾದಿಗೆ ಹೋಗು. ಮುಂದಿನ ವಾರ ಅನ್ನಬ್ಯಾಡ," ಎಂದರು.

ಹೈದರಾಬಾದಿನಲ್ಲಿ ಅದು ಕ್ಯಾನ್ಸರ್ ಎಂದು ಗೊತ್ತಾಯಿತು. ಆಪರೇಷನ್ ಮಾಡಿ ಒಂದು ವೃಷಣ ತೆಗೆದರು. ಇನ್ನು ಮೂರು ತಿಂಗಳು ಕೀಮೋ ಎಂದು ಹೇಳಿದ ಡಾಕ್ಟರಮ್ಮ, ಇನ್ನೊಂದು ಮಾತನ್ನೂ ಹೇಳಿದರು. ಈ ಔಷಧದಿಂದ ಉಳಿದ ವೃಷಣದ ಶಕ್ತಿಯೂ ಹೋಗಬಹುದು, ಕೆಲವರಿಗೆ ಮರಳಿ ಬರುತ್ತದೆ, ಕೆಲವರಿಗೆ ಬರುವುದಿಲ್ಲ. ಆದ್ದರಿಂದ ಮೊದಲೇ ವೀರ್ಯವನ್ನು ತೆಗೆದು ಹೆಪ್ಪುಗಟ್ಟಿಸಿ ಇಡುವುದು ಒಳ್ಳೆಯದು.

ಮೌನೇಶ ತಲೆ ತಗ್ಗಿಸಿದ. ಮದುವೆಯಾಗದವನು, ಪಕ್ಕದಲ್ಲಿ ತಾಯಿ. ಮಾನಮ್ಮನೇ ಕೇಳಿದಳು: "ಅಂದ್ರ, ಬಿತ್ತಾಕ ಬೀಜ ಎತ್ತಿ ಇಟ್ಟಂಗೇನ್ರಿ ಅಮ್ಮಾ?"

"ಹಾಗೇ, ಅಮ್ಮಾ."

"ಹಂಗಾರ ಎತ್ತಿ ಇಡ್ರಿ. ನಾ ಹೊರಗ ಕುಂದರ್ತೀನಿ," ಎಂದು ಎದ್ದು ಹೋದಳು.

ಲ್ಯಾಬಿನಲ್ಲಿದ್ದ ತಂತ್ರಜ್ಞನ ಹೆಸರು ಇನಾಯತ. ನಲವತ್ತರ ಆಸುಪಾಸಿನವನು. ಚೀಟಿಯಲ್ಲಿ ಊರಿನ ಹೆಸರು ಓದಿ ಮುಖವೆತ್ತಿದ.

"ಸುರಪುರ ಏನೋ? ನಾ ಶಹಾಪುರದಾಂವ. ಇಷ್ಟ್ಯಾಕ ಮುದುಡಿಕೊಂಡಿ? ಇಲ್ಲಿ ಬರೋರೆಲ್ಲ ಇದಕ್ಕ ಬರ್ತಾರ, ಶರಂ ಪಡಬ್ಯಾಡ."

ತನ್ನ ಊರ ಕಡೆಯ ಮಾತು ಕೇಳಿ ಮೌನೇಶನಿಗೆ ಧೈರ್ಯ ಬಂತು. ಮಾದರಿ ಕೊಟ್ಟ ಮೇಲೆ ಬಾಗಿಲಲ್ಲೇ ನಿಂತು, ಮನಸ್ಸಿನಲ್ಲಿದ್ದದ್ದನ್ನು ಕೇಳಿಬಿಟ್ಟ.

"ಸಾಹೇಬ್ರ, ನಾ ಮೀನು ಮಾರಾಂವ. ಹೆಪ್ಪುಗಟ್ಟಿದ ಮೀನು ಕರಗಿದ ಮ್ಯಾಲ ಮೆತ್ತಗ ಆಗ್ತದ. ಇದೂ ಹಂಗ ಆಗ್ತದೇನ್ರಿ?"

ಇನಾಯತ ನಗಲಿಲ್ಲ. "ಛಲೋ ಕೇಳ್ದಿ. ಹಂಗ ಆಗ್ತದ. ಒಳಗಿನ ನೀರು ಐಸ್ ಆಗಿ ಸೂಜಿಯಂಗ ಚುಚ್ತದ. ಅದಕ್ಕ ಮೊದ್ಲು ಒಂದು ಔಷಧ ಹನಿ ಹನಿ ಕೂಡಸ್ತೀವಿ. ಆಮ್ಯಾಲ ಒಮ್ಮೆಲೆ ಅಲ್ಲ, ಹಂತ ಹಂತ ತಣ್ಣಗ ಮಾಡ್ತೀವಿ. ಏನು ಮಾಡಿದ್ರೂ ಹೆಚ್ಚುಕಮ್ಮಿ ಅರ್ಧ ಸಾಯ್ತಾವ. ಉಳದದ್ದು ವರ್ಷಗಟ್ಟಲೆ ಇರ್ತಾವ."

ಸಂಜೆ ಮೌನೇಶನನ್ನು ಮತ್ತೆ ಕರೆಸಿದ. ಮಾದರಿ ಚೆನ್ನಾಗಿರಲಿಲ್ಲ. ನೂರರಲ್ಲಿ ಇಪ್ಪತ್ತೈದು ವೀರ್ಯಾಣುಗಳಿಗೆ ಮಾತ್ರ ಚಲನೆ ಇತ್ತು. ಒಂದು ಹನಿಯನ್ನು ಹೆಪ್ಪುಗಟ್ಟಿಸಿ ಕರಗಿಸಿ ನೋಡಿದರೆ ಆರೇಳು ಮಾತ್ರ.

"ಎಷ್ಟು ದಿನ ಆಗಿತ್ತು?" ಎಂದು ಇನಾಯತ ಕೇಳಿದ. ಮೌನೇಶನಿಗೆ ಅರ್ಥವಾಗಲು ತುಸು ಹೊತ್ತು ಬೇಕಾಯಿತು. ಹಿಂದಿನ ಸಲ ವೀರ್ಯ ಹೊರಹೋಗಿ ತಿಂಗಳ ಮೇಲಾಗಿತ್ತು. ಕಾಯಿಲೆಯ ಚಿಂತೆಯಲ್ಲಿ ಅದರ ನೆನಪು ಯಾರಿಗಿರುತ್ತದೆ?

"ಭಾಳ ದಿನ ಒಳಗ ಉಳಿದ್ರ ಹಳೇವು ಸತ್ತು ಕೂಡ್ಕೋತಾವ. ಈಗ ಅವು ಹೊರಗ ಬಂದಾವ. ಎರಡು ದಿನ ಬಿಟ್ಟು ಮತ್ತ ಬಾ. ಹೊಟ್ಟಿತುಂಬ ಉಣ್ಣು, ನಿದ್ದಿ ಮಾಡು. ಕಿಸೆದಾಗಿನ ಆ ಗುಟ್ಕಾ ಇಲ್ಲೇ ಒಗಿ."

"ಗುಟ್ಕಾ ಬಿಟ್ರ ಎರಡು ದಿನದಾಗ ಸುಧಾರಸ್ತದೇನ್ರಿ?"

"ಸುಳ್ಳು ಯಾಕ ಹೇಳ್ಲಿ? ಹೊಸಾವು ತಯಾರಾಗಾಕ ಮೂರು ತಿಂಗಳು ಹಿಡೀತದ. ನಿಂಗ ಅಷ್ಟು ಟೈಮ್ ಇಲ್ಲ. ಆದ್ರೂ ಒಗಿ."

ಡಾಕ್ಟರಮ್ಮನ ಬಳಿ ಹೋಗಿ ಕೀಮೋವನ್ನು ಮೂರು ದಿನ ಮುಂದೂಡಿಸಿದವನೂ ಇನಾಯತನೇ. ಆ ಎರಡು ದಿನ ತಾಯಿ, ಮಗ ಆಸ್ಪತ್ರೆಯ ಹತ್ತಿರದ ಛತ್ರದಲ್ಲಿದ್ದರು. ಮಾನಮ್ಮ ಎಲ್ಲಿಂದಲೋ ಒಲೆ ಹುಡುಕಿ ಜೋಳದ ರೊಟ್ಟಿ ಬಡಿದಳು. ಎರಡನೆಯ ಮಾದರಿಯಲ್ಲಿ ನೂರಕ್ಕೆ ನಲವತ್ತು ಚಲಿಸುತ್ತಿದ್ದವು, ಕರಗಿಸಿದ ಮೇಲೂ ಇಪ್ಪತ್ತು ಉಳಿದವು. ಮೊದಲ ದಿನದ್ದು ಮೂರು ನಳಿಕೆ, ಎರಡನೆಯದು ಮೂರು. ಒಟ್ಟು ಆರು ನಳಿಕೆಗಳು ಮೌನೇಶನ ಹೆಸರಿನಲ್ಲಿ, ದ್ರವ ಸಾರಜನಕದ ಹೊಗೆಯಾಡುವ ದೊಡ್ಡ ಹಂಡೆಯೊಳಗೆ ಇಳಿದವು.

ಕೀಮೋ ಅವನನ್ನು ಹಿಂಡಿ ಹಾಕಿತು. ಕೂದಲು, ಹುಬ್ಬು ಎಲ್ಲ ಉದುರಿದವು. ಮೀನಿನ ವಾಸನೆ ಬಂದರೆ ವಾಂತಿ. ಮೀನು ಮಾರುವವನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಒಂದು ವರ್ಷ ಮಾನಮ್ಮ ಒಬ್ಬಳೇ ಅಂಗಡಿ ನಡೆಸಿದಳು. ಆಮೇಲೆ ಅವನು ಮತ್ತೆ ಬಂದು ಕೂತ. ಮೂರು ವರ್ಷ ಕಳೆದರೂ ರೋಗ ಮರಳಲಿಲ್ಲ. ಆದರೆ ವೀರ್ಯದ ಪರೀಕ್ಷೆಯಲ್ಲಿ ಪ್ರತಿ ಸಲವೂ ಸೊನ್ನೆ.

ಹೆಣ್ಣು ನೋಡುವ ಮಾತು ಬಂದಾಗ ಬಳಗದವರೆಲ್ಲ ಒಂದೇ ಮಾತು ಹೇಳಿದರು: ಕಾಯಿಲೆಯ ಮಾತು ಎತ್ತಬೇಡ, ಮದುವೆಯಾಗಲಿ, ಆಮೇಲೆ ನೋಡೋಣ. ಮಾನಮ್ಮನ ಮನಸ್ಸಿನಲ್ಲೂ ಅದೇ ಇತ್ತು. ಶಹಾಪುರದಲ್ಲಿ ಬ್ಲೌಸ್ ಹೊಲಿಯುವ ರಾಧಿಕಾಳ ಮನೆಗೆ ಹೋದ ದಿನ, ಚಹಾ ಕುಡಿದ ಮೇಲೆ ಮೌನೇಶ ಅವಳ ಜೊತೆ ಮಾತಾಡಬೇಕೆಂದ. ಹೊಲಿಗೆ ಯಂತ್ರದ ಪಕ್ಕ ನಿಂತು, ಕ್ಯಾನ್ಸರಿನಿಂದ ಹಿಡಿದು ಆರು ನಳಿಕೆಗಳವರೆಗೆ ಎಲ್ಲ ಹೇಳಿದ. ಕರಗಿಸಿದಾಗ ಎಷ್ಟು ಉಳಿಯುತ್ತವೆ ಎಂಬುದನ್ನೂ ಬಿಡಲಿಲ್ಲ.

ರಾಧಿಕಾ ಯಂತ್ರದ ಮೇಲಿದ್ದ ಬಟ್ಟೆಯನ್ನು ಮಡಿಸಿಟ್ಟಳು.

"ನಮ್ಮ ಅಕ್ಕನ ಗಂಡ ಕುಡೀತಾನ ಅನ್ನೋದನ್ನ ಮುಚ್ಚಿಟ್ಟು ಮದುವಿ ಮಾಡಿದ್ರು," ಎಂದಳು. "ಎಂಟು ದಿನದಾಗ ಗೊತ್ತಾತು. ನೀವು ಇದ್ದದ್ದು ಇದ್ದಂಗ ಹೇಳಿದ್ರಿ. ಮಕ್ಕಳು ಆಗಲಿಲ್ಲಂದ್ರ?"

"ಆಗಲಿಲ್ಲಂದ್ರ ಆಗಲಿಲ್ಲ. ಆದ್ರ ನಿನಗ ಬಂಜಿ ಅನ್ನಾಕ ಯಾರನ್ನೂ ಬಿಡಂಗಿಲ್ಲ. ದೋಷ ನಂದದ ಅಂತ ಎಲ್ಲರ ಮುಂದ ನಾನ ಹೇಳ್ತೀನಿ."

ಮದುವೆಯಾಗಿ ಒಂದೂವರೆ ವರ್ಷಕ್ಕೆ ಇಬ್ಬರೂ ಹೈದರಾಬಾದಿಗೆ ಹೋದರು. ರಾಧಿಕಾಳಿಗೆ ದಿನಾ ಇಂಜೆಕ್ಷನ್; ಹೊಟ್ಟೆಯ ಮೇಲೆ ನೀಲಿ ಕಲೆಗಳು. ಚೆನ್ನಾಗಿರುವ ನಳಿಕೆಗಳು ಮುಂದಕ್ಕಿರಲಿ ಎಂದು ಡಾಕ್ಟರರು ಮೊದಲ ದಿನದ ಒಂದನ್ನು ಕರಗಿಸಿದರು. ಭ್ರೂಣ ಒಂದೇ ಆಯಿತು, ಅದೂ ನಿಲ್ಲಲಿಲ್ಲ. ಯಾದಗಿರಿಯವರೆಗೆ ರೈಲಿನಲ್ಲಿ ರಾಧಿಕಾ ಕಿಟಕಿಗೆ ಮುಖ ಮಾಡಿ ಕೂತಿದ್ದಳು. ಮೌನೇಶ ಅವಳ ಚಪ್ಪಲಿಗಳನ್ನು ಎತ್ತಿ ಸೀಟಿನ ಕೆಳಗೆ ಜೋಡಿಸಿಟ್ಟ.

ಮನೆಯಲ್ಲಿ ಮಾನಮ್ಮ ಒಲೆ ಹಚ್ಚಿದಳು. ಸೊಸೆಗೆ ಬಿಸಿನೀರು ಕಾಸಿ, ತಾನೇ ಬೆನ್ನಿಗೆ ಹಾಕಿದಳು. "ಇನ್ನೂ ಐದು ಅವ," ಎಂದಳು, ಅಷ್ಟೇ.

ಎಂಟು ತಿಂಗಳು ಕಳೆದ ಮೇಲೆ, ಮತ್ತೆ ಹೋಗೋಣ ಎಂದವಳು ರಾಧಿಕಾಳೇ. ಈ ಸಲ ಇನಾಯತನನ್ನು ಅವಳೇ ನೇರವಾಗಿ ಕೇಳಿದಳು: "ಅಣ್ಣಾ, ಕರಗಿಸಿದ ಮ್ಯಾಲ ಸುಧಾರಸಾಕ ಬರ್ತದೇನ್ರಿ?"

"ಸತ್ತದ್ದನ್ನ ಬದುಕಿಸಾಕ ಬರಂಗಿಲ್ಲ ತಂಗಿ. ಆದ್ರ ಔಷಧ ತೊಳದು, ಈಜೋವನ್ನ ಬ್ಯಾರೆ ಮಾಡ್ತೀವಿ. ಒಂದು ಅಂಡಾಣುವಿಗೆ ಒಂದ ಸಾಕು. ಆ ಒಂದನ್ನ ನಾವ ಸೂಜಿಲೆ ಒಳಗ ಬಿಡ್ತೀವಿ. ಎರಡನೇ ದಿನದ್ದು ತಗೀತೀವಿ ಈಗ."

ಮೂರು ಭ್ರೂಣಗಳಾದವು. ಒಂದು ನಿಂತಿತು. ಒಂಬತ್ತನೆಯ ತಿಂಗಳಲ್ಲಿ ರಾಧಿಕಾ ಹೆಣ್ಣು ಮಗುವಿಗೆ ಜನ್ಮ ಕೊಟ್ಟಳು. ಎರಡೂವರೆ ಕಿಲೋ, ತಲೆತುಂಬ ಕೂದಲು.

ಮೌನೇಶ ಈಗಲೂ ವರ್ಷಕ್ಕೊಮ್ಮೆ ತಪಾಸಣೆಗೆ ಹೈದರಾಬಾದಿಗೆ ಹೋಗುತ್ತಾನೆ. ಕಳೆದ ಸಲ ಮನೆಮಂದಿಯೆಲ್ಲ ಹೋಗಿದ್ದರು. ಲ್ಯಾಬಿನ ಒಳಗೆ ಮಕ್ಕಳನ್ನು ಬಿಡುವುದಿಲ್ಲವಾದ್ದರಿಂದ ಇನಾಯತನೇ ಹೊರಗೆ ಬಂದ. ಹತ್ತು ತಿಂಗಳ ಮಗುವನ್ನು ಮಾನಮ್ಮ ಅವನ ಕೈಗೆ ಕೊಟ್ಟುಬಿಟ್ಟಳು. ಅವನು ಗಾಜಿನ ಸಾಮಾನು ಹಿಡಿದವನಂತೆ ಎರಡೂ ಕೈಯಲ್ಲಿ ಹಿಡಿದು ನಿಂತ.

"ನಾವು ದಿನಾ ನಳಿಕಿ ನೋಡ್ತೀವ್ರಿ ಅಮ್ಮಾ," ಎಂದ. "ಮಕ್ಕಳನ್ನ ತಂದು ತೋರಸೋರು ಕಡಿಮಿ."

ಮಗು ಅವನ ಮಾಸ್ಕ್ ಹಿಡಿದೆಳೆಯಿತು. ದಾರ ಕಿತ್ತು ಬಂತು. ರಾಧಿಕಾ ಗಾಬರಿಯಿಂದ ಕೈ ಚಾಚಿದಳು. "ಇರ್ಲಿ ಬಿಡವ್ವಾ, ಒಳಗ ಬ್ಯಾರೆ ಮಾಸ್ಕ್ ಅದ," ಎನ್ನುತ್ತ ಇನಾಯತ ಮಗುವನ್ನು ಹೆಗಲಿಗೆ ಹಾಕಿಕೊಂಡು ಮೊಗಸಾಲೆಯ ಆ ತುದಿಯವರೆಗೆ ನಡೆದ.