ಶೇಖಮ್ಮ ಹೊಲಿದ ಕೌದಿ ಅಂಗಿ

ಶೇಖಮ್ಮನ ತವರು ಗಟ್ಟು ಕಡೆ. ಅಲ್ಲಿ ನೀರೆಂದರೆ ಬಾವಿಯ ತಳದಲ್ಲಿ ಕಾಣುವ ರೊಟ್ಟಿಯಷ್ಟು ಬೆಳಕು. ಹಂಪಣ್ಣನನ್ನು ಕಟ್ಟಿಕೊಂಡು ಮಕ್ತಲ್ ಕಡೆಯ ನಮ್ಮ ಹೊಳೆದಂಡೆಯ ಊರಿಗೆ ಬಂದ ಹೊಸದರಲ್ಲಿ, ಒಂದು ಸಂಜೆ ಕಟ್ಟೆಯ ಮೇಲೆ ಕೂತವಳು ಹೊತ್ತು ಮುಳುಗಿತು, ದೀಪ ಹಚ್ಚುತ್ತೇನೆ ಅಂದಳು. ಅತ್ತೆ ಎದ್ದು ಬಂದು ಅವಳ ಬಾಯಿಯ ಮೇಲೆ ಅಂಗೈ ಇಟ್ಟಳು. ಹೊಡೆಯಲಿಲ್ಲ. ಬರೀ ಇಟ್ಟಳು, ಬಹಳ ಹೊತ್ತು ತೆಗೆಯಲಿಲ್ಲ.

ನಮ್ಮೂರಲ್ಲಿ ಹೊತ್ತು ಇಳಿಯುತ್ತದೆ, ಕೊಡ ತಳಕ್ಕೆ ಹೋಗುತ್ತದೆ. ಶೇಖಮ್ಮ ಆಡಿದ ಆ ಮಾತನ್ನು ಮಾತ್ರ ಯಾರೂ ಆಡುವುದಿಲ್ಲ. ಮನೆಯ ಗಂಡಸರು ದಿನಾ ಹರಿಗೋಲು ಹತ್ತುವವರು. ಆಡಿದ್ದನ್ನು ಹೊಳೆ ಕೇಳಿಸಿಕೊಂಡು ಇಟ್ಟುಕೊಳ್ಳುತ್ತದೆ ಅಂತ ನಮ್ಮ ಹಿರಿಯರು ನಂಬಿದ್ದರು. ನಾವೂ ನಂಬಿದ್ದೇವೆ.

ಹೊಳೆಯ ನಡುವೆ ಒಂದು ಗಡ್ಡೆ ಇದೆ. ಹಂಪಣ್ಣನ ಮನೆತನದ ಹೊಲ ಅಲ್ಲಿರುವುದು. ಅವರ ಹಿರಿಯರು ರಾಯಚೂರು ಸೀಮೆಯಿಂದ ಬಂದವರು, ಲಿಂಗ ಕಟ್ಟಿಕೊಂಡ ಮಂದಿ, ಮಣ್ಣಿನ ಕೆಲಸ ಬಲ್ಲವರೇ ಹೊರತು ನೀರಿನದಲ್ಲ. ಹೊಳೆಯ ಪಕ್ಕವೇ ಹುಟ್ಟಿದರೂ ಹಂಪಣ್ಣನಿಗೆ ಈಜು ಬರುವುದಿಲ್ಲ. ನಸುಕಿನಲ್ಲಿ ಮೊಗುಲಪ್ಪನ ಹರಿಗೋಲಿನಲ್ಲಿ ಕೂತು ಹೋಗುತ್ತಾನೆ, ಹೊತ್ತು ಇಳಿಯುವಾಗ ಬರುತ್ತಾನೆ. ಎತ್ತುಗಳನ್ನು ಗಡ್ಡೆಯ ಮೇಲಿನ ಕೊಟ್ಟಿಗೆಯಲ್ಲೇ ಕಟ್ಟುತ್ತಾನೆ. ಎಡಗೈಯ ಬೆರಳುಗಳನ್ನು ಮೇವು ಕತ್ತರಿಸುವ ಮಿಷನ್ನಿಗೆ ಕೊಟ್ಟಾಗಿದೆ, ಹೆಬ್ಬೆರಳೊಂದು ಉಳಿದಿದೆ. ಆ ಕೈಯಿಂದ ನೇಗಿಲು ಹಿಡಿಯುತ್ತಾನೆ, ಆದರೆ ಅಂಗಿಯ ಗುಂಡಿ ಹಾಕಲು ಆಗುವುದಿಲ್ಲ.

ಶೇಖಮ್ಮ ತವರಿನಿಂದ ತಂದ ಆಸ್ತಿ ಕೌದಿ ಹೊಲಿಯುವ ಕೈ ಒಂದೇ. ಹಳೆಯ ಸೀರೆ, ಧೋತರಗಳನ್ನು ಪದರದ ಮೇಲೆ ಪದರ ಹಾಸಿ, ಮೇಲೆ ಬಣ್ಣದ ತುಂಡು ಜೋಡಿಸಿ, ಅಂಚಿನಿಂದ ಸುತ್ತು ಹಿಡಿದು ನಡುವಿಗೆ ಬರುವಳು. ಅವಳ ಹೊಲಿಗೆ ಜೋಳದ ಕಾಳು ಸಾಲಾಗಿ ಇಟ್ಟಂತೆ ಇರುತ್ತದೆ. ಬಟ್ಟೆ ಹರಿದರೂ ಹೊಲಿಗೆ ಬಿಡುವುದಿಲ್ಲ. ಹೊಲಿದು ಮುಗಿದ ಕೌದಿಗೆ ಆಮೇಲೆ ಕತ್ತರಿ ತಾಗಿಸಬಾರದು ಅನ್ನುವುದು ಅವಳ ತಾಯಿ ಹೇಳಿಕೊಟ್ಟದ್ದು. ಕೂಡಿಸಿದ್ದನ್ನು ಕತ್ತರಿಸಿದರೆ ಮನೆ ಕೂಡಿ ಉಳಿಯುವುದಿಲ್ಲವಂತೆ.

ಹೋದ ಚಳಿಗಾಲದಲ್ಲಿ ಹಂಪಣ್ಣನಿಗೆ ಎದೆಯಲ್ಲಿ ತಂಡಿ ಕೂತಿತು. ಹೊಳೆಯ ಮೇಲಿನ ಮಂಜಿನಲ್ಲಿ ಹೋಗಿ ಬಂದವನು ಕೆಮ್ಮಲು ಶುರು ಮಾಡಿದರೆ ನಮ್ಮ ಮನೆಗೂ ಕೇಳುತ್ತಿತ್ತು, ನಡುವೆ ಒಂದೇ ಗೋಡೆ. ಮಕ್ತಲ್ಲಿನ ಡಾಕ್ಟರು ಎದೆ ಬೆಚ್ಚಗಿಡು ಅಂದರು. ಸ್ವೆಟರು ತಂದರು, ಅದರ ಗುಂಡಿ ಅವನಿಗೆ ಬಗ್ಗಲಿಲ್ಲ, ಮೂಲೆ ಸೇರಿತು. ಆಗ ಶೇಖಮ್ಮ ಗಂಡನಿಗೆ ಕೌದಿಯದೇ ಒಂದು ಅಂಗಿ ಹೊಲಿಯಬೇಕು ಅಂದುಕೊಂಡಳು.

ನಾರಾಯಣಪೇಟೆಯ ಬಾಲಮ್ಮ ಮಗ್ಗದ ಮನೆಯವಳು, ಮೊಮ್ಮಗನ ತೊಟ್ಟಿಲಿಗೆ ಇವಳಿಂದ ಕೌದಿ ಹೊಲಿಸಿಕೊಂಡಿದ್ದವಳು. ಶೇಖಮ್ಮ ಅವಳ ಮನೆಗೆ ಹೋಗಿ, ಮಗ್ಗಕ್ಕೆ ಹೊಸ ನೂಲು ಏರಿಸಿದಾಗ ಬಣ್ಣ ನೋಡಲು ನೇಯ್ದು ಬಿಟ್ಟ ತುಂಡುಗಳನ್ನು ಕೇಳಿದಳು. ಯಾರಿಗೆ ಇಷ್ಟು ಬಣ್ಣ ಅಂತ ಬಾಲಮ್ಮ ಕೇಳಿದರೆ ಇವಳು ಹೇಳಲಿಲ್ಲ. ಹೇಳದೆ ನಕ್ಕದ್ದರಿಂದಲೇ ಅವಳಿಗೆ ತಿಳಿಯಿತು, ದಾಳಿಂಬೆ ಬಣ್ಣದ ಚೌಕಳಿ ತುಂಡು ಇನ್ನಷ್ಟು ಸೇರಿಸಿ ಕೊಟ್ಟಳು.

ಒಳಗೆ ಮಾವನ ಧೋತರ, ತನ್ನ ಮದುವೆಯ ಮೊದಲ ವರ್ಷದ ಸೀರೆಗಳು. ಎದೆಯ ಜಾಗಕ್ಕೆ ಪದರ ಹೆಚ್ಚು ಇಟ್ಟಳು. ತೋಳಿಲ್ಲ. ಮುಂದೆ ಸೀಳಿಲ್ಲ, ಗುಂಡಿಯ ಕಾಟವೇ ಬೇಡ ಅಂತ ತಲೆ ತೂರುವಷ್ಟು ಕೊರಳು ಮಾತ್ರ ಬಿಟ್ಟಳು. ಗಾಳಿ ನುಗ್ಗಬಾರದೆಂದು ಎರಡೂ ಪಕ್ಕೆ ಸೊಂಟದವರೆಗೆ ಬಿಗಿಯಾಗಿ ಹೊಲಿದಳು. ಎಳ್ಳಮಾವಾಸ್ಯೆಯ ದಿನ ಅವನು ಎರಡೂ ಕೈ ಎತ್ತಿ ಮಗುವಿನ ಹಾಗೆ ನಿಂತ, ಅವಳು ಮೇಲಿಂದ ತೊಡಿಸಿದಳು. ಅಂದಿನಿಂದ ಅದು ದಿನದ ಪಾಠವಾಯಿತು. ಹಾಕಲೂ ತೆಗೆಯಲೂ ಅವಳ ಕೈ ಬೇಕು.

ಹರಿಗೋಲಿನಲ್ಲಿ ಜನ ಅವನನ್ನು ಬಿಡಲಿಲ್ಲ. ಕಾರಹುಣ್ಣಿಮೆ ಇನ್ನೂ ದೂರ ಐತಿ, ಈಗಲೇ ಎತ್ತಿನ ಬೆನ್ನಿಗೆ ಬಣ್ಣದ ಜೂಲಾ ಹಾಕ್ಯಾರಲ್ಲೋ ಅಂತ ಮೊಗುಲಪ್ಪ ಕಾಲೆಳೆದ. ಜೂಲಾ ಹಾಕಾಕ ಮನಿಯಾಗ ಒಬ್ಬರು ಬೇಕಪ್ಪ, ನಿನಗ ಯಾರದಾರ, ಅಂತ ಹಂಪಣ್ಣ ತಿರುಗಿಸಿ ಕೊಟ್ಟನಂತೆ. ಮೊಗುಲಪ್ಪನ ಹೆಂಡತಿ ಆಗ ಜಗಳಾಡಿ ಐಜ ಊರಿನ ತವರಿಗೆ ಹೋಗಿದ್ದಳು. ಕೂತವರೆಲ್ಲ ನಕ್ಕು ಹರಿಗೋಲು ಅಲುಗಿತಂತೆ. ಕೆಮ್ಮು ಹೋಯಿತು. ಚಳಿ ಕಳೆದ ಮೇಲೂ ನಸುಕಿನ ಗಾಳಿಗೆ ಅವನು ಅಂಗಿ ಬಿಡಲಿಲ್ಲ.

ಮಾರ್ನಮಿ ಹಬ್ಬಕ್ಕೆ ಮೊದಲು ಊರಿನ ಹೆಂಗಸರೆಲ್ಲ ಹಾಸಿಗೆ, ಹೊದಿಕೆ ಹೊಳೆಗೆ ಒಯ್ದು ತೊಳೆಯುತ್ತೇವೆ. ಒಣ ಕೌದಿ ಕೂಸು, ತೊಯ್ದ ಕೌದಿ ಎಮ್ಮೆ ಅನ್ನುವುದು ನಮ್ಮ ಕಡೆ ಮಾತು. ಇಬ್ಬರು ಹಿಡಿಯದೆ ಎದ್ದೇಳುವುದಿಲ್ಲ. ಶೇಖಮ್ಮನೂ ಬಂದಿದ್ದಳು. ಕೌದಿಗಳಾದ ಮೇಲೆ ಬುಟ್ಟಿಯ ತಳದಿಂದ ಆ ಅಂಗಿ ತೆಗೆದಳು. ಹೊಲಿದಾಗಿನಿಂದ ಅದಕ್ಕೆ ಬಿಸಿಲು ತೋರಿಸಿದ್ದಳೇ ಹೊರತು ನೀರು ಮುಟ್ಟಿಸಿರಲಿಲ್ಲ. ಮೊಣಕಾಲುದ್ದ ನೀರಿನಲ್ಲಿ ನಿಂತು ಅದನ್ನು ಹರವಿದಳು. ಒಂದು ಗಳಿಗೆ ಅದು ತೇಲಿತು, ಕೊರಳು, ಕಂಕುಳು ಎಲ್ಲ ಗಾಳಿ ತುಂಬಿ ಒಳಗೆ ಯಾರೋ ಇದ್ದಾರೆ ಅನ್ನುವಂತೆ ಉಬ್ಬಿತು. ಆಮೇಲೆ ಗುಳುಗುಳು ಅಂತ ಕುಡಿಯಿತು. ಕುಡಿದದ್ದೇ ಅವಳ ಕೈಯನ್ನು ಹಿಡಿದು ಜಗ್ಗಿತು. ಅವಳು ಬಿಡಲಿಲ್ಲ, ಮುಂದಕ್ಕೆ ಮುಗ್ಗರಿಸಿದಳು. ನಾನು ಹೋಗಿ ಇನ್ನೊಂದು ಅಂಚು ಹಿಡಿದೆ. ಇಬ್ಬರೂ ಹಲ್ಲು ಕಚ್ಚಿ ಬಂಡೆಯ ಮೇಲೆ ಎಳೆದು ಹಾಕಿದೆವು.

ಅಂಗಿಯಿಂದ ನೀರು ಸುರಿಯುತ್ತಲೇ ಇತ್ತು. ಶೇಖಮ್ಮ ಅದರ ಕೊರಳಿನೊಳಗೆ ತನ್ನ ಕೈ ತೂರಿಸಿ ನೋಡಿದಳು. ಬಟ್ಟೆ ತೊಯ್ದು ಬಿಗಿದು ಮಣಿಕಟ್ಟಿಗೆ ಅಂಟಿಕೊಂಡಿತು, ಕೈ ಹೊರತೆಗೆಯಲು ಒದ್ದಾಡಿದಳು. ಆಗ ನನ್ನ ಮುಖ ನೋಡಿದಳು. ನಾನೂ ಅವಳದನ್ನು ನೋಡಿದೆ. ಇಬ್ಬರೂ ಏನೂ ಅನ್ನಲಿಲ್ಲ. ಹೊಳೆ ಅಲ್ಲೇ ಕಾಲ ಹತ್ತಿರ ಇತ್ತು.

ಅಂದಿನಿಂದ ಅವಳು ಆ ಅಂಗಿಯನ್ನು ಅವನ ಮೈಯಿಂದ ಬಿಡಿಸಲು ನೋಡಿದಳು. ಕಾರಣ ಹೇಳುವ ಹಾಗಿಲ್ಲ, ಹೇಳಿದರೆ ಕರೆದಂತೆ. ಇನ್ನೂ ಒಣಗಿಲ್ಲ ಅಂದಳು. ಇಲಿ ಕಡಿದಿದೆ ಅಂದಳು, ಅವನು ಹುಡುಕಿದರೆ ಕಡಿದ ಗುರುತಿಲ್ಲ. ಜೋಳ ತುಂಬಿಡುವ ಗುಮ್ಮಿಯ ಹಿಂದೆ ಬಚ್ಚಿಟ್ಟಳು, ಅದನ್ನೂ ಹುಡುಕಿ ತಂದ. ಹೊಸದೊಂದು ಶಾಲು ತರಿಸಿಕೊಟ್ಟರೆ ಅದನ್ನು ಎತ್ತಿನ ಮೈ ಒರೆಸಲು ಒಯ್ದ. ಕೊನೆಗೆ ಅವನಿಗೇ ಸಂಶಯ ಬಂತು. ನಿನ್ನ ಅಣ್ಣನಿಗೆ ಕೊಡಾಕ ಹೊಂಚು ಹಾಕೀಯೇನು, ಕೊಟ್ಟಿದ್ದನ್ನ ತಿರುಗಿ ಕೇಳೋದು ಎಲ್ಲಿ ಪದ್ಧತಿ, ಅಂತ ಅಂದನಂತೆ. ಅವಳು ಅಂಗಿಯನ್ನು ಮತ್ತೆ ಅವನಿಗೆ ತೊಡಿಸಿದಳು.

ಹಬ್ಬ ಮುಗಿಯಿತು. ಮಳೆ ಹೋಯಿತು ಅಂತ ನಾವಂದುಕೊಂಡಿದ್ದಾಗ ಮೇಲೆಲ್ಲೋ ಮಹಾರಾಷ್ಟ್ರದಲ್ಲಿ ಸುರಿಯಿತು. ಮೇಲಿನ ಡ್ಯಾಮಿನವರು ನೀರು ಬಿಡುತ್ತಾರೆ, ಹೊಳೆಗೆ ಯಾರೂ ಇಳಿಯಬೇಡಿ ಅಂತ ಬೆಳಗಾಗುವ ಮೊದಲೇ ಪಂಚಾಯಿತಿಯ ಮೈಕು ಕಟ್ಟಿದ ಆಟೋ ಓಣಿ ಓಣಿ ತಿರುಗಿತು, ತೆಲುಗಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ. ಹಂಪಣ್ಣ ಎದ್ದು ಕೂತ. ಎತ್ತುಗಳು ಗಡ್ಡೆಯ ಮೇಲೆ ಕಣ್ಣಿ ಹಾಕಿಸಿಕೊಂಡು ನಿಂತಿವೆ. ಬಿಚ್ಚಿಬಿಟ್ಟರೆ ಅವು ಈಜಿ ದಂಡೆ ಸೇರುತ್ತವೆ, ಕಟ್ಟಿದ್ದರೆ ಇಲ್ಲ.

ನೀರು ಬರಲು ಇನ್ನೂ ಹೊತ್ತಿದೆ, ಬಿಚ್ಚಿ ಬಂದುಬಿಡೋಣ ಅಂತ ಮೊಗುಲಪ್ಪ ಅಂಗಳಕ್ಕೆ ಬಂದು ನಿಂತಿದ್ದ. ಜಿನುಗು ಮಳೆ. ಹಂಪಣ್ಣ ತಾನೇ ಹೇಗೋ ತಲೆ ತೂರಿಸಿಕೊಂಡು ಅಂಗಿ ಹಾಕಿಕೊಂಡು ಹೊರಬಿದ್ದ. ಶೇಖಮ್ಮ ಅಡ್ಡ ನಿಂತಳು.

"ಇದೊಂದು ಇಲ್ಲೇ ಇಟ್ಟು ಹೋಗ್ರಿ. ಕೈ ಮುಗೀತೀನಿ."

"ಎತ್ತು ಹೋಗಾಕ ಹತ್ಯಾವ, ನಿನಗ ಅಂಗಿ ಚಿಂತಿ ಏನು? ದಾರಿ ಬಿಡು."

"ತೊಯ್ತೈತ್ರಿ."

"ತೊಯ್ಲಿ. ಉಪ್ಪಿನ ಗೊಂಬಿ ಏನಲ್ಲ ನಾನು."

ಅವಳು ಒಳಗೆ ಹೋದಳು. ದಾರಿ ಬಿಟ್ಟಳು ಅಂತಲೇ ಮೈಕಿನ ಸದ್ದಿಗೆ ಎದ್ದು ಬಂದಿದ್ದ ನಾವೆಲ್ಲ ತಿಳಿದೆವು. ಬಂದಾಗ ಅವಳ ಕೈಯಲ್ಲಿ ಕೌದಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಇತ್ತು. ಅವನ ಎದುರು ನಿಂತು, ಕೊರಳಿನ ಅಂಚು ಎಡಗೈಯಲ್ಲಿ ಹಿಡಿದು, ಎದೆಯ ನಡುವಿನಿಂದ ಕೆಳಗಿನವರೆಗೆ ಕತ್ತರಿಸಿಬಿಟ್ಟಳು. ದಪ್ಪ ಪದರ, ಕತ್ತರಿ ಕರಕರ ಅನ್ನುತ್ತ ಹೋಯಿತು. ಅವನು ಅಲುಗಲಿಲ್ಲ. ಬದುಕಿದ್ದವರ ಮೈಮೇಲೆ ಹಾಗೆ ಬಟ್ಟೆ ಕತ್ತರಿಸುವುದನ್ನು ನಮ್ಮೂರಲ್ಲಿ ಯಾರೂ ಕಂಡಿರಲಿಲ್ಲ. ಜೀವ ಹೋದವರಿಗೆ ಮಾತ್ರ, ಸ್ನಾನ ಮಾಡಿಸುವ ಮೊದಲು, ಹಾಗೆ ಸೀಳಿ ತೆಗೆಯುತ್ತಾರೆ. ಮೊಗುಲಪ್ಪ ಶಿವ ಶಿವ ಅನ್ನುತ್ತ ಮುಖ ಆಚೆ ತಿರುಗಿಸಿದ.

ಹಂಪಣ್ಣ ಅಂಗಿಯನ್ನು ತೆಗೆದು ಹಾಕಲಿಲ್ಲ. ಸೀಳಿದ ಎರಡು ಭಾಗ ಎರಡು ಕಡೆ ಜೋಲುತ್ತಿರುವಂತೆಯೇ ಹೊಳೆಗೆ ನಡೆದ.

ನೀರು ಹೇಳಿದ್ದಕ್ಕಿಂತ ಮೊದಲೇ ಬಂತು. ಗಡ್ಡೆ ಇನ್ನೂ ದೂರವಿದ್ದಾಗ, ಬುಡಸಮೇತ ಕಿತ್ತ ಜಾಲಿಯ ಗಿಡವೊಂದು ತೇಲಿ ಬಂದು ಹರಿಗೋಲನ್ನು ಮಗುಚಿತು. ಮೊಗುಲಪ್ಪ ಆಮೇಲೆ ಹೇಳಿದ್ದು ಇಷ್ಟು. ತಾನು ಮೇಲೆ ಬಂದು ನೋಡಿದರೆ ದಾಳಿಂಬೆ ಬಣ್ಣ ಕೆಳಗೆ ಕೆಳಗೆ ಹೋಗುತ್ತಿತ್ತು. ಕೈ ಹಾಕಿ ಹಿಡಿದ. ಹಿಡಿದದ್ದು ಕಲ್ಲಿನಷ್ಟು ಭಾರ, ತನ್ನನ್ನೂ ಎಳೆಯಿತು. ಇನ್ನು ಬಿಡಬೇಕು ಅನ್ನುವಷ್ಟರಲ್ಲಿ ಒಳಗಿನ ಮನುಷ್ಯ ಅದರಿಂದ ಜಾರಿ ಹೊರಬಂದ, ಅವರೆಕಾಳು ಸಿಪ್ಪೆಯಿಂದ ಬಂದ ಹಾಗೆ. ಮೊಗುಲಪ್ಪ ಅಂಗಿ ಬಿಟ್ಟು ಕೂದಲು ಹಿಡಿದ. ಮಗುಚಿದ ಹರಿಗೋಲಿಗೆ ತೆಕ್ಕೆ ಬಿದ್ದು ಬಹಳ ಕೆಳಗೆ, ಪಕ್ಕದೂರಿನ ಪಂಪಿನ ಮನೆಯ ಹತ್ತಿರ ದಂಡೆ ಹತ್ತಿದರು. ಎತ್ತುಗಳು ಕಟ್ಟಿದಲ್ಲೇ ಹೋದವು.

ಗಂಡ ಉಳಿದು ಬಂದ ಅಂತ ಊರು ಶೇಖಮ್ಮನ ಮನೆಗೆ ಬಂತು. ಬಂದವರು ಕಟ್ಟೆಯ ಮೇಲೇ ಕೂತರು, ಒಳಗೆ ಬರಲಿಲ್ಲ. ಮೊಗುಲಪ್ಪ ಅಂಗಳದಲ್ಲಿ ಕಂಡದ್ದನ್ನು ಆಗಲೇ ಹತ್ತು ಮನೆಗೆ ಹೇಳಿದ್ದ. ಮೈಮೇಲೆ ಕತ್ತರಿ ಆಡಿಸಿದ್ದಕ್ಕೇ ಹರಿಗೋಲು ಮಗುಚಿತು ಅಂತ ಕೆಲವರು. ಇಲ್ಲ, ಅವಳಿಗೆ ಮುಂದಾಗುವುದು ಕಾಣುತ್ತದೆ ಅಂತ ಕೆಲವರು. ಎರಡೂ ಒಳ್ಳೆಯ ಮಾತಲ್ಲ. ನಮ್ಮೂರ ಹಿರಿಯಳು ಸಂಗಮ್ಮ ಮಾತ್ರ ಬಾಯಿ ತೆರೆದು ಅಂದಳು: "ಹೊಳಿಗೆ ಮನಷ್ಯಾನ್ನ ತೋರಿಸಿ ಎತ್ತು ಕೊಟ್ಟಾರ. ಅದು ಲೆಕ್ಕ ಮರ್ಯಂಗಿಲ್ಲವ್ವ."

ಅದನ್ನು ಕೇಳಿದ ಮೇಲೆ ಯಾರೂ ಹೆಚ್ಚು ಹೊತ್ತು ಕೂರಲಿಲ್ಲ.

ನಾಲ್ಕು ದಿನ ಜ್ವರದಲ್ಲಿ ಮಲಗಿದ್ದ ಹಂಪಣ್ಣ, ಐದನೆಯ ದಿನ ಗಂಜಿ ಕುಡಿಯುತ್ತ ಕೇಳಿದ. ಬಟ್ಟಲು ಹಿಡಿದು ಅವಳು, ಕಂದೀಲು ಸರಿಮಾಡುತ್ತ ನಾನು ಅಲ್ಲೇ ಇದ್ದೆವು. ಕರೆಂಟು ಇನ್ನೂ ಬಂದಿರಲಿಲ್ಲ.

"ನಿನಗ ಮೊದಲೇ ಗೊತ್ತಿತ್ತೇನು?"

"ತೊಳಿಯುವಾಗ ಗೊತ್ತಾತ್ರಿ."

"ಮತ್ತ ಒಂದು ಮಾತು ಹೇಳಬಾರದಿತ್ತೇನು?"

"ನಿಮಗ ಹೇಳಬಹುದಿತ್ತು. ಹೊಳಿ ಕೇಳಿಸ್ಕೊಂತಿತ್ತಲ್ಲ."

ಅವನು ತಲೆ ಆಡಿಸಿದ. ನಮ್ಮೂರಲ್ಲಿ ಹುಟ್ಟಿದವನಿಗೆ ಅದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಆದರೆ ಗಂಜಿ ಅರ್ಧಕ್ಕೇ ಬಿಟ್ಟು ಗೋಡೆಯ ಕಡೆ ತಿರುಗಿ ಮಲಗಿದ.

ಈಗ ಶೇಖಮ್ಮನಿಗೆ ಕೌದಿ ಹೊಲಿಯಲು ಯಾರೂ ಕೊಡುವುದಿಲ್ಲ. ಜಗಳವೇನಿಲ್ಲ. ಹಬ್ಬಕ್ಕೆ ಕರೆಯುತ್ತಾರೆ, ಹಿಟ್ಟು, ಮಜ್ಜಿಗೆ ಕೊಟ್ಟು ತರುವುದೂ ಇದೆ. ನಸುಕಿನಲ್ಲಿ ಹೊಳೆಗೆ ಹೋಗುವ ಗಂಡಸರು ಮಾತ್ರ ನಮ್ಮ ಓಣಿಯ ತಿರುವಿನಲ್ಲಿ ಒಂದು ಗಳಿಗೆ ನಿಲ್ಲುತ್ತಾರೆ. ಅವಳು ಅಂಗಳಕ್ಕೆ ನೀರು ಹಾಕಿ ಒಳಗೆ ಹೋದ ಮೇಲೆ ದಾಟುತ್ತಾರೆ.

ಹೊಲ ಗಡ್ಡೆಯಲ್ಲೇ ಇದೆ. ಹಂಪಣ್ಣ ಹೋಗಲೇಬೇಕು. ಈ ಚಳಿಗಾಲದಲ್ಲಿ ಮತ್ತೆ ಹೋಗಲು ಶುರು ಮಾಡಿದ್ದಾನೆ, ಮೈಮೇಲೆ ಒಂದು ತೆಳ್ಳನೆಯ ಅಂಗಿ. ಕೆಮ್ಮು ತಿರುಗಿ ಬಂದಿದೆ. ಸಂಜೆ ಬಂದವನು ಅವಳೊಡನೆ ಚೆನ್ನಾಗಿಯೇ ಇರುತ್ತಾನೆ, ಅವಳು ಬಡಿಸಿದ್ದು ಉಣ್ಣುತ್ತಾನೆ, ನಗುವುದೂ ಉಂಟು. ಬೆಳಿಗ್ಗೆ ಮಾತ್ರ ಅವಳ ಮುಖ ನೋಡದೆ ಹಿತ್ತಲ ಬಾಗಿಲಿನಿಂದ ಹೋಗುತ್ತಾನೆ. ಹಾಗೆ ಮಾಡು ಅಂತ ಅವಳು ಹೇಳಿಲ್ಲ, ಮಾಡುತ್ತೇನೆ ಅಂತ ಅವನೂ ಹೇಳಿಲ್ಲ. ಮೊದಮೊದಲು ಆ ಬಾಗಿಲಿನ ಚಿಲಕ ಸದ್ದು ಮಾಡುತ್ತಿತ್ತು, ನಮಗೂ ಎಚ್ಚರವಾಗುತ್ತಿತ್ತು. ಈಗ ಮಲಗುವ ಮುಂಚೆ ಶೇಖಮ್ಮನೇ ಚಿಲಕ ತೆಗೆದಿಡುತ್ತಾಳೆ, ಬಾಗಿಲು ತಾನಾಗಿ ತೆರೆಯದಂತೆ ಒಂದು ಕಲ್ಲು ಒರಗಿಸುತ್ತಾಳೆ, ಪಕ್ಕದಲ್ಲಿ ರೊಟ್ಟಿಯ ಗಂಟು ಇಡುತ್ತಾಳೆ. ಆಮೇಲೆ ಮುಖದ ಮೇಲೆ ಸೆರಗೆಳೆದುಕೊಂಡು ಗೋಡೆಗೆ ಮುಖ ಮಾಡಿ ಮಲಗುತ್ತಾಳೆ. ಕೆಮ್ಮು ಹೊಳೆಯ ಕಡೆ ದೂರವಾಗುತ್ತ ಹೋಗಿ ಪೂರ್ತಿ ನಿಲ್ಲುವವರೆಗೆ ಅವಳು ಆ ಸೆರಗು ತೆಗೆಯುವುದಿಲ್ಲ.