ದನಿಯನ್ನು ನಡುವೆ ಕೂರಿಸುವಾಕೆ

ಬೆಳಗಿನ ಐದು ಗಂಟೆ. ಬೀದಿಯಲ್ಲಿ ಇನ್ನೂ ಒಂದು ಗಾಡಿಯೂ ಓಡುತ್ತಿಲ್ಲ. ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯಲ್ಲಿ, ಎರಡು ಸ್ಪೀಕರುಗಳ ಎದುರು, ಗುಂಡಿಯಕ್ಕ ಕಣ್ಣು ಮುಚ್ಚಿ ಕುಳಿತಿದ್ದಾರೆ. ಸ್ಟೀರಿಯೊದ ವಾಲ್ಯೂಮ್ ಗುಂಡಿಯನ್ನು ಒಂದೊಂದೇ ಹಂತ ಇಳಿಸುತ್ತಾರೆ. ಹಾಡು ಪಿಸುಮಾತಿನಷ್ಟಾದರೂ ದನಿ ನಟ್ಟನಡುವೆಯೇ ನಿಂತಿದೆ. ತಲೆಯಾಡಿಸಿ, ಟೀಗೆ ನೀರಿಡಲು ಏಳುತ್ತಾರೆ.

"ಜೋರಾಗಿ ಹಾಕಿದ್ರೆ ಯಾವ ಡಬ್ಬಾನೂ ಚೆನ್ನಾಗೇ ಕೇಳುತ್ತೆ. ಮೆಲ್ಲಗೆ ಹಾಕಿದಾಗಲೇ ಅದರ ಬಂಡವಾಳ ಬಯಲಾಗೋದು," ಎನ್ನುತ್ತಾರೆ.

ಅಗ್ಗದ ಗುಂಡಿ ಒಳಗೆ ಸವೆದರೆ ಕರಕರ ಶುರು. ದನಿ ತಗ್ಗಿಸಿದಾಗ ಎಡ ಬಲ ಒಂದೇ ಅಳತೆಯಲ್ಲಿ ತಗ್ಗುವುದಿಲ್ಲ, ಹಾಡುಗಾರ ಮೂಲೆಗೆ ಸರಿದುಬಿಡುತ್ತಾನೆ. ಅಂಥದ್ದನ್ನು ಕಿತ್ತು ಇಪ್ಪತ್ನಾಲ್ಕು ಹಂತದ ಹೊಸ ಗುಂಡಿ ಕಟ್ಟುವುದು ಇವರ ಕಸುಬು. ಹಂತಕ್ಕೆ ಎಡಕ್ಕೊಂದು ಬಲಕ್ಕೊಂದರಂತೆ, ಒಂದು ಗುಂಡಿಗೆ ನಲವತ್ತೆಂಟು ರೆಸಿಸ್ಟರ್ ಬೇಕು. ಸರಿಜೋಡಿ ಸಿಗಲು ಮುನ್ನೂರನ್ನಾದರೂ ಮೀಟರಿಗೆ ಹಿಡಿಯಬೇಕು. ವಾರಕ್ಕೆ ಎರಡು ಗುಂಡಿ ಮುಗಿದರೆ ಹೆಚ್ಚು. ಬಸ್ ಓಡಿಸುವ ಗಂಡ, ಮನೆಯಲ್ಲಿ ತಾನು ದನಿ ಎತ್ತಿದರೆ ಇವಳ ಕೈ ತಾನಾಗಿ ಗುಂಡಿ ಹುಡುಕುತ್ತದೆ ಎಂದು ರೇಗಿಸುತ್ತಾರೆ.

ರೇಡಿಯೊ ಕಾರ್ಖಾನೆ ಮುಚ್ಚಿದಾಗ ಬೆಸುಗೆ ಕೆಲಸದ ಈ ಹೆಣ್ಣುಮಗಳನ್ನು ಕರೆದು ತಮ್ಮ ಅಂಗಡಿಯಲ್ಲಿ ಜಾಗ ಕೊಟ್ಟವರು ರಿಪೇರಿ ಮೇಷ್ಟ್ರು. ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಈಗ ಅಂಗಡಿಯಿಲ್ಲ, ಮೇಷ್ಟ್ರಿಗೆ ಎಂಬತ್ತು. ಅವರು ಭೇಷ್ ಎಂದರಷ್ಟೇ ಗುಂಡಿಯಕ್ಕನಿಗೆ ಕೆಲಸ ಮುಗಿದ ಹಾಗೆ.

ಕಳೆದ ತಿಂಗಳು ಮೇಷ್ಟ್ರ ಸ್ವಂತ ಸ್ಟೀರಿಯೊಗೇ ಗುಂಡಿ ಕಟ್ಟುವ ಸರದಿ ಬಂತು. ಒಯ್ದುಕೊಟ್ಟರೆ, ದನಿ ಬಲಕ್ಕೆ ವಾಲುತ್ತಿದೆ ಎಂದರು. ಮನೆಗೆ ತಂದು ಅಳೆದರೆ ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಆದರೂ ಬಿಚ್ಚಿ ಮತ್ತೆ ಕಟ್ಟಿದರು. ಮತ್ತೆ ಅದೇ ದೂರು. ಮೂರನೇ ಸಲ, ಇಷ್ಟು ವರ್ಷ ಕಲಿಸಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ಎಂದುಬಿಟ್ಟರು. ಆ ದಿನ ಗುಂಡಿಯಕ್ಕನಿಗೆ ಊಟ ಸೇರಲಿಲ್ಲವಂತೆ.

ಮರುದಿನ ಹೋಗಿ, "ಮೇಷ್ಟ್ರೇ, ಕುರ್ಚಿ ತಿರುಗಿಸ್ಕೊಂಡು ಸ್ಪೀಕರಿಗೆ ಬೆನ್ನು ಮಾಡಿ ಕೂತ್ಕೊಳ್ಳಿ," ಎಂದರು. ತಪ್ಪು ಯಂತ್ರದ್ದಾದರೆ ದನಿ ಆಗ ಎಡಗಿವಿಯ ಕಡೆಗೆ ಬರಬೇಕು. ಬರಲಿಲ್ಲ, ಬಲಕ್ಕೇ ವಾಲಿತು. ಈ ಪರೀಕ್ಷೆ ಕಲಿಸಿದವರೇ ಮೇಷ್ಟ್ರು, ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ಅವರ ಎಡಗಿವಿ ಮಂದವಾಗಿತ್ತು. ಸವೆದು ಎಡಕ್ಕೆ ವಾಲುತ್ತಿದ್ದ ಹಳೆಯ ಗುಂಡಿ ಅದನ್ನು ಇಷ್ಟು ದಿನ ಮುಚ್ಚಿಟ್ಟಿತ್ತು.

ಕುರ್ಚಿಯನ್ನು ಮತ್ತೆ ಸ್ಪೀಕರಿನತ್ತ ತಿರುಗಿಸಿಕೊಂಡು ಮೇಷ್ಟ್ರು, "ನಿನ್ನ ಕೈ ಸರಿಯಾಗೇ ಇದೆ, ಮಗಳೇ. ನನ್ನ ಕಿವಿಗೆ ತಕ್ಕ ಹಾಗೆ ಕೆಡಿಸಿಕೊಡು," ಎಂದರು.

ಗುಂಡಿಯಕ್ಕ ಅಲ್ಲಿಯವರೆಗೆ ವಾಲುವ ಒಂದು ಗುಂಡಿಯನ್ನೂ ಕೈಯಿಂದಾಚೆ ಬಿಟ್ಟವರಲ್ಲ. ಈಗ ಪ್ರತಿ ಹಂತದಲ್ಲೂ ಎಡಕ್ಕೆ ಇಷ್ಟು ಹೆಚ್ಚಿರಲಿ ಎಂದು ಬೇಕಂತಲೇ ಅಳತೆ ಹೊಂದದ ಜೋಡಿಗಳನ್ನು ಹುಡುಕಿದರು. ನಾಲ್ಕು ಮುಂಜಾನೆ ಹಿಡಿಯಿತು. ಗುಂಡಿಯನ್ನು ತೀರಾ ತಗ್ಗಿಸಿ ಕೇಳಿದ ಮೇಷ್ಟ್ರು, "ಬಂದ, ಹಾಡುಗಾರ ನಡುವೆ ಬಂದ," ಎಂದರಂತೆ.

ಮುಂದೆ ಇದನ್ನು ಬಿಚ್ಚುವವರು ಎಡವಟ್ಟೆಂದು ನಗಬಾರದು, ತಿದ್ದಲೂಬಾರದು. ಗುಂಡಿಯಕ್ಕನಿಗಿರುವ ಆಸೆ ಅಷ್ಟೇ. ಅದಕ್ಕೇ ಮುಚ್ಚಳದ ಒಳಗೆ ಚೀಟಿ ಅಂಟಿಸಿದ್ದಾರೆ: "ಬೇಕಂತಲೇ ಮಾಡಿದ್ದು. ಸರಿ ಮಾಡಬೇಡಿ."

ಅದರ ಕೆಳಗೆ ಬೇರೆ ಕೈಬರಹದಲ್ಲಿ ಇನ್ನೊಂದು ಸಾಲಿದೆ. ಪೆನ್ನು ಕೇಳಿ ಪಡೆದು ಮೇಷ್ಟ್ರು ಬರೆದದ್ದು: "ಕಟ್ಟಿದವಳು ನನ್ನ ಶಿಷ್ಯೆ. ನನಗಿಂತ ಚೆನ್ನಾಗಿ ಕಟ್ಟುತ್ತಾಳೆ."